ಹಟ್ಟಿಯ ನೀರು, ಹಟ್ಟಿಯ ನೆತ್ತರು

ಹಿರಿಯೂರು ಅಥವಾ ಹೊಸದುರ್ಗ ತಾಲ್ಲೂಕಿನ ಯಾವುದೋ ಹಟ್ಟಿಯಲ್ಲಿ ಆರೇಳು ವರ್ಷದ ಮಗುವೊಂದರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗತೊಡಗಿವೆ ಎಂದುಕೊಳ್ಳೋಣ. ಮಗು ಓಟದಲ್ಲಿ ಹಿಂದೆ ಬೀಳುತ್ತದೆ, ಎತ್ತರವೂ ವಯಸ್ಸಿಗೆ ತಕ್ಕಷ್ಟಿಲ್ಲ. ಹೀಗೇಕಾಯಿತು ಎಂದು ಕೇಳಿದರೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ. ಊರಿನವರು ಬೋರ್‌ವೆಲ್ ನೀರನ್ನು ದೂರುತ್ತಾರೆ. ಪೇಟೆಯಿಂದ ಬಂದವರು ‘ಅಪ್ಪ–ಅಮ್ಮ ಸಂಬಂಧದಲ್ಲೇ ಮದುವೆಯಾದವರಾ?’ ಎಂದು ಕೇಳಿ, ಹೌದೆಂದರೆ ಅಲ್ಲಿಗೆ ವಿಚಾರ ಮುಗಿಯಿತು ಎಂದುಕೊಳ್ಳುತ್ತಾರೆ. ಮನೆಯ ಹಿರಿಯರು ಹಣೆಬರಹ ಎಂದು ನಿಟ್ಟುಸಿರು ಬಿಡುತ್ತಾರೆ. ಮೊದಲ ಎರಡು ಉತ್ತರಗಳಿಗೆ ಆಧಾರವಿಲ್ಲದಿಲ್ಲ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದೂ ನಿಜ, ಸೋದರಿಕೆಯ ಮದುವೆಗಳು ಹೆಚ್ಚಿರುವುದೂ ನಿಜ. ಆದರೆ ಆಧಾರವಿರುವ ಊಹೆಯೂ ಪರೀಕ್ಷೆಯಾಗುವವರೆಗೆ ಊಹೆಯೇ. ಕಾರಣವನ್ನು ಹುಡುಕುವ ಮೊದಲೇ ಹೊರಿಸಿಬಿಡುವ ಈ ಅಭ್ಯಾಸದಿಂದ ನಮ್ಮ ಮಕ್ಕಳಿಗೆ ಆಗುತ್ತಿರುವ ನಷ್ಟ, ಅನೇಕ ಸಲ, ಕಾಯಿಲೆಯಿಂದ ಆಗುವ ನಷ್ಟಕ್ಕಿಂತ ದೊಡ್ಡದು. ಈ ಅಧ್ಯಾಯದ ವಾದ ಇಷ್ಟೇ.

ಮೊದಲು ನೀರಿನ ವಿಚಾರ. ಹಿರಿಯೂರು, ಚಳ್ಳಕೆರೆಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿವೆ. ವೇದಾವತಿ ನದಿಗೆ ಅಡ್ಡಲಾಗಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರವೂ, ಚನ್ನಗಿರಿ ಕಡೆಯ ಸೂಳೆಕೆರೆಯೂ ಜಿಲ್ಲೆಯ ಕೆಲವು ಪಟ್ಟಣಗಳಿಗೆ ಕುಡಿಯುವ ನೀರು ಕೊಡುತ್ತವೆ. ಅವುಗಳ ಕೊಳವೆ ಮುಟ್ಟದ ಹಳ್ಳಿಗಳು ಬೋರ್‌ವೆಲ್ ನಂಬಿ ಬದುಕಿವೆ. ಗ್ರಾನೈಟ್ ಮತ್ತು ನೈಸ್ ಬಂಡೆಗಳ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಆಳದ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತಷ್ಟೂ, ಅದರಲ್ಲಿ ಕ್ಷಾರ ಹೆಚ್ಚಿ ಕ್ಯಾಲ್ಸಿಯಂ ತಗ್ಗಿದಷ್ಟೂ, ಫ್ಲೋರೈಡ್ ಕರಗಿ ಸೇರಿಕೊಳ್ಳುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ನೀರಿನ ಮೂಲವಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಅದನ್ನು ಮೀರಿದ ನೀರನ್ನು ಹಲ್ಲು ಕಟ್ಟುವ ವಯಸ್ಸಿನಲ್ಲಿ ಕುಡಿದ ಮಕ್ಕಳಿಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ಅದರ ಮೇಲೆ ಸುಣ್ಣದ ಮಚ್ಚೆ, ಕಂದು ಗೆರೆಗಳು ಕಾಣುತ್ತವೆ. ಪ್ರಮಾಣ ಇನ್ನೂ ಹೆಚ್ಚಿದ್ದು, ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರೆ ಮೂಳೆಯೂ ಕೆಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೆ.ಎ.ವಿ.ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ 1973ರಲ್ಲಿ ಆಂಧ್ರದ ಫ್ಲೋರೈಡ್ ಪ್ರದೇಶದ ಹರೆಯದವರ ಒಳಬಾಗಿದ ಮೊಣಕಾಲುಗಳನ್ನು ವೈದ್ಯಲೋಕದ ಮುಂದಿಟ್ಟದ್ದು ಇದೇ ಕಾರಣಕ್ಕೆ. ಹಾಗಾಗಿ ನೀರನ್ನು ದೂರುವವರು ಸುಮ್ಮನೆ ದೂರುತ್ತಿಲ್ಲ.

ತೊಡಕಿರುವುದು ಬೇರೆ ಕಡೆ. ಒಳಬಾಗಿದ ಮೊಣಕಾಲು ಎಂಬ ಅದೇ ಚಿಹ್ನೆಯನ್ನು ಬೇರೆ ಬೇರೆ ಕಾಯಿಲೆಗಳೂ ತರುತ್ತವೆ. ಡಿ ಜೀವಸತ್ವದ ಕೊರತೆಯಿಂದ ಬರುವ ರಿಕೆಟ್ಸ್ ಒಂದು. ಮೂತ್ರಪಿಂಡಗಳು ರಂಜಕವನ್ನು ಹಿಡಿದಿಡಲಾರದೆ ಮೂತ್ರದಲ್ಲಿ ಚೆಲ್ಲಿಬಿಡುವ ಆನುವಂಶಿಕ ರಿಕೆಟ್ಸ್ ಇನ್ನೊಂದು. ಇದಕ್ಕೆ ಮಾಮೂಲಿ ಡಿ ಜೀವಸತ್ವದ ಪುಡಿ ಎಷ್ಟು ಕೊಟ್ಟರೂ ನಾಟದು, ರಂಜಕ ಮತ್ತು ಸಕ್ರಿಯ ರೂಪದ ಡಿ ಜೀವಸತ್ವ ಕೊಟ್ಟರೆ ಮೂಳೆ ಸುಧಾರಿಸುತ್ತದೆ. ಮಾರ್ಕಿಯೋ ಸಿಂಡ್ರೋಮ್ ಮತ್ತೊಂದು. ಅದರಲ್ಲಿ ಒಂದು ಕಿಣ್ವದ ಕೊರತೆಯಿಂದ ಕೆಲವು ಸಕ್ಕರೆ ಸರಪಳಿಗಳು ಕರಗದೆ ಜೀವಕೋಶಗಳಲ್ಲಿ ಶೇಖರಗೊಂಡು ಮೂಳೆಗಳನ್ನು ಕೆಡಿಸುತ್ತವೆ. ಬುದ್ಧಿ ಮಾತ್ರ ಚುರುಕಾಗಿಯೇ ಇರುತ್ತದೆ. ಇವುಗಳನ್ನು ಬೇರ್ಪಡಿಸುವ ಪರೀಕ್ಷೆಗಳು ಸರಳವಾಗಿ ಶುರುವಾಗುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ ಮತ್ತು ಆಲ್ಕಲೈನ್ ಫಾಸ್ಫಟೇಸ್ ಎಷ್ಟಿವೆ, ಮೂತ್ರದಲ್ಲಿ ಫ್ಲೋರೈಡ್ ಎಷ್ಟಿದೆ, ಮಣಿಕಟ್ಟು, ಮೊಣಕಾಲು, ಬೆನ್ನೆಲುಬಿನ ಎಕ್ಸ್‌ರೇ ಏನು ಹೇಳುತ್ತದೆ, ಕಣ್ಣಿನ ಪಾರದರ್ಶಕ ಪಟಲ ಮಸುಕಾಗಿದೆಯೇ ಎಂಬುದನ್ನು ನೋಡಿದರೆ ಅರ್ಧ ದಾರಿ ಸವೆದಂತೆ. ಬರಿಗಣ್ಣಿಗೆ ಒಂದೇ ಎಂದು ತೋರುವ ಕಾಲು ಪ್ರಯೋಗಾಲಯದಲ್ಲಿ ನಾಲ್ಕು ಬೇರೆ ಕಾಯಿಲೆಗಳಾಗುತ್ತದೆ. ನಾಲ್ಕಕ್ಕೂ ಔಷಧಿ ಬೇರೆ, ಮುಂದಿನ ಮಗುವಿಗೆ ಬರುವ ಸಂಭವವೂ ಬೇರೆ.

ಇಂಥ ಕಡೆ ಬಳಸುವ ಒಂದು ಹಳೆಯ ಒರೆಗಲ್ಲಿದೆ: ನೀರಿನ ಕಾಯಿಲೆ ಊರನ್ನು ಹಿಡಿಯುತ್ತದೆ, ನೆತ್ತರಿನ ಕಾಯಿಲೆ ಮನೆತನವನ್ನು ಹಿಡಿಯುತ್ತದೆ. ಒಂದೇ ಬೋರ್‌ವೆಲ್ಲಿನ ನೀರು ಕುಡಿಯುವ ಹತ್ತು ಮನೆಗಳಲ್ಲೂ ಕಾಲು ಬಾಗಿದ ಮಕ್ಕಳಿದ್ದರೆ ನೀರನ್ನು ಪರೀಕ್ಷಿಸು. ಒಂದೇ ಮನೆಯ ಇಬ್ಬರಿಗೆ ಬಂದು ಪಕ್ಕದ ಮನೆಗೆ ಬರದಿದ್ದರೆ ವಂಶವೃಕ್ಷ ಬರೆ. ಬೆಂಗಳೂರಿನಂಥ ನಗರದಲ್ಲಿ ಈ ಒರೆಗಲ್ಲು ಚೆನ್ನಾಗಿಯೇ ನಡೆಯುತ್ತದೆ. ಆದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗೊಲ್ಲರಹಟ್ಟಿಗಳಲ್ಲಿ ಊರು ಮತ್ತು ಮನೆತನ ಎರಡೂ ಹೆಚ್ಚುಕಡಿಮೆ ಒಂದೇ. ಅಲ್ಲಿ ಎಲ್ಲರೂ ಕುಡಿಯುವುದು ಒಂದೇ ನೀರು, ಎಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ನೆಂಟರು. ನೀರೂ ನೆತ್ತರೂ ಒಂದೇ ಗಡಿಯೊಳಗೆ ಹರಿಯುವ ಇಂಥ ಜಾಗದಲ್ಲಿ ಕಾಯಿಲೆಯ ಹಂಚಿಕೆಯನ್ನು ನೋಡಿ ಕಾರಣ ಹೇಳಲಾಗದು. ದೊಡ್ಡ ನಗರಕ್ಕಿಂತ ಇಂಥ ಜಿಲ್ಲೆಗೇ ಸರಿಯಾದ ರೋಗನಿರ್ಣಯದ ಅಗತ್ಯ ಹೆಚ್ಚು ಎನ್ನುವುದಕ್ಕೆ ಇದೊಂದು ಕಾರಣ.

ಊಹೆ ಎಷ್ಟು ದೂರ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಹತ್ತಿರದ ಶಿವಮೊಗ್ಗ ಜಿಲ್ಲೆಯೇ ಸಾಕ್ಷಿ. ಸಾಗರ ತಾಲ್ಲೂಕಿನ ಹಂದಿಗೋಡು ಎಂಬ ಹಳ್ಳಿಯಲ್ಲಿ 1970ರ ದಶಕದ ನಡುವಿನಲ್ಲಿ ಒಂದು ವಿಚಿತ್ರ ಕಾಯಿಲೆ ಗಮನಕ್ಕೆ ಬಂತು. ಸೊಂಟದ ಕೀಲು ನೋಯತೊಡಗಿ, ನಡಿಗೆ ಕುಂಟಿ, ಕೆಲವರು ಕೈಯೂರಿ ತೆವಳುವ ಸ್ಥಿತಿಗೆ ಬರುತ್ತಿದ್ದರು. ಕೆಲವು ಮನೆಗಳಲ್ಲಿ ಮಕ್ಕಳು ಕುಳ್ಳಾಗಿಯೇ ಉಳಿದಿದ್ದರು. ನರಳುತ್ತಿದ್ದವರು ಬಹುತೇಕ ಚಲವಾದಿ, ಚನ್ನಂಗಿ ಸಮುದಾಯಗಳ ಬಡ ಕೂಲಿಕಾರರು. ಗದ್ದೆಗಳಿಗೆ ಕೀಟನಾಶಕ ಹೊಡೆಯುವುದು ಆಗಷ್ಟೇ ಹೆಚ್ಚುತ್ತಿದ್ದ ಕಾಲ ಅದು. ಆ ಗದ್ದೆಗಳ ಏಡಿ ತಿಂದದ್ದರಿಂದಲೇ ಹೀಗಾಯಿತು ಎಂಬ ಮಾತು ಗಟ್ಟಿಯಾಗಿ ಬೇರೂರಿತು. ಆಂಧ್ರದಲ್ಲಿ ಬಾಗಿದ ಮೊಣಕಾಲಿಗೆ ನೀರಿನ ನಂಟು ತೋರಿಸಿದ ಅದೇ ಕೃಷ್ಣಮಾಚಾರಿ ಇಲ್ಲಿಗೂ ಬಂದರು. ಅವರೂ ರಮೇಶ್ ಭಟ್ಟರೂ 1978ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಕೀಲುರೋಗ ಎಂದು ಕರೆದರು. ಕಾಯಿಲೆ ಮನೆತನಗಳಲ್ಲಿ ಹರಿಯುತ್ತಿರುವುದು ಅವರ ಕಣ್ಣಿಗೆ ಬಿದ್ದಿತ್ತು. ಮುಂದೆ 1990ರ ದಶಕದಲ್ಲಿ ಲಖನೌದ ಎಸ್.ಎಸ್. ಅಗರವಾಲ್ ಮತ್ತು ಜೊತೆಗಾರರು ವಂಶವೃಕ್ಷ ಬರೆದು, ಎಕ್ಸ್‌ರೇಗಳನ್ನು ಹೋಲಿಸಿ, ಇದು ಬೆನ್ನೆಲುಬು ಮತ್ತು ಉದ್ದ ಮೂಳೆಗಳ ತುದಿಗಳ ಬೆಳವಣಿಗೆ ಕೆಡುವ ಆನುವಂಶಿಕ ಕಾಯಿಲೆ, ಪ್ರಬಲ ಜೀನಿನ ರೀತಿಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತದೆ ಎಂದು ತೋರಿಸಿದರು. ಇದರಲ್ಲೊಂದು ಮುಖ್ಯ ಪಾಠವಿದೆ. ಪ್ರಬಲ ಜೀನು ಎಂದರೆ ಅಪ್ಪ ಅಥವಾ ಅಮ್ಮ ಒಬ್ಬರಿಂದ ಬಂದ ಒಂದೇ ಪ್ರತಿ ಸಾಕು. ಪ್ರತಿ ಮಗುವಿಗೂ ಎರಡರಲ್ಲಿ ಒಂದು ಸಂಭವ. ಅಲ್ಲಿ ಏಡಿ ಬಿಟ್ಟರೂ ಪ್ರಯೋಜನವಿರಲಿಲ್ಲ, ಸೋದರಿಕೆ ಬಿಟ್ಟಿದ್ದರೂ ಪ್ರಯೋಜನವಿರುತ್ತಿರಲಿಲ್ಲ. ಊರಿನ ಊಹೆಯೂ ತಪ್ಪಾಗಿತ್ತು, ಪೇಟೆಯವರ ಸಿದ್ಧ ಊಹೆಯೂ ತಪ್ಪಾಗುತ್ತಿತ್ತು.

ಆನುವಂಶಿಕ ಎಂದ ಕೂಡಲೇ ಒಂದೇ ಬಗೆಯ ಕಾಯಿಲೆಯನ್ನು ಕಲ್ಪಿಸಿಕೊಳ್ಳುವುದು ಇಂಥ ಗೊಂದಲದ ಬೇರು. ಹಂದಿಗೋಡಿನದು ಪ್ರಬಲ ಜೀನಿನ ದಾರಿ. ಎರಡನೆಯದು ಅಪ್ರಬಲ ಜೀನಿನ ದಾರಿ: ತಂದೆ, ತಾಯಿ ಇಬ್ಬರೂ ಒಂದೊಂದು ಕೆಟ್ಟ ಪ್ರತಿ ಹೊತ್ತಿದ್ದರೂ ಆರೋಗ್ಯವಾಗಿಯೇ ಇರುತ್ತಾರೆ, ಎರಡೂ ಒಂದೇ ಮಗುವಿನಲ್ಲಿ ಕೂಡಿದಾಗ ಕಾಯಿಲೆ, ಸಂಭವ ನಾಲ್ಕರಲ್ಲಿ ಒಂದು. ಮೂರನೆಯದರಲ್ಲಿ ಕೆಟ್ಟ ಜೀನು ಎಕ್ಸ್ ವರ್ಣತಂತುವಿನ ಮೇಲಿರುತ್ತದೆ. ಡುಶೆನ್ ಸ್ನಾಯುಕ್ಷಯ ಅಂಥದು. ನಾಲ್ಕೈದು ವರ್ಷದ ಗಂಡುಮಗು ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ಕೈಯೂರಿ ಹತ್ತುವಂತೆ ಏಳುವುದು, ಮೀನಖಂಡ ದಪ್ಪಗಾಗಿ ಕಾಣುವುದು ಅದರ ಗುರುತು. ‘ತಾಯಿಯಿಂದ ಬಂದದ್ದು’ ಎಂದು ಸೊಸೆಯನ್ನು ಹಂಗಿಸುವವರಿಗೆ, ಸುಮಾರು ಮೂರನೇ ಒಂದರಷ್ಟು ಮಕ್ಕಳಲ್ಲಿ ಇದು ತಾಯಿಯಲ್ಲಿಲ್ಲದ ಹೊಸ ಬದಲಾವಣೆ ಎಂಬುದು ತಿಳಿದಿರುವುದಿಲ್ಲ. ನಾಲ್ಕನೆಯದು ಈ ಹೊಸ ಬದಲಾವಣೆಗಳದೇ ದಾರಿ. ಡೌನ್ ಸಿಂಡ್ರೋಮ್ ಬಹುಪಾಲು ಹೀಗೆ ಬರುತ್ತದೆ. 21ನೆಯ ವರ್ಣತಂತುವಿನ ಹೆಚ್ಚುವರಿ ಪ್ರತಿ ಅಂಡಾಣು ರೂಪುಗೊಳ್ಳುವಾಗ ಆಕಸ್ಮಿಕವಾಗಿ ಉಳಿದುಬಿಡುತ್ತದೆ. ಕೈಕಾಲು ಗಿಡ್ಡವಾಗುವ ಅಕಾಂಡ್ರೊಪ್ಲೇಸಿಯಾ ಇರುವ ಮಕ್ಕಳಲ್ಲಿ ಐವರಲ್ಲಿ ನಾಲ್ವರ ತಂದೆತಾಯಿ ಮಾಮೂಲಿ ಎತ್ತರದವರೇ. ಈ ಮಕ್ಕಳ ಮುಂದೆ ಸೋದರಿಕೆಯ ಮಾತು ತೆಗೆಯುವುದು ವಿಜ್ಞಾನದ ದೃಷ್ಟಿಯಿಂದ ತಪ್ಪು, ಮನುಷ್ಯತ್ವದ ದೃಷ್ಟಿಯಿಂದಲೂ ತಪ್ಪು.

ಹಾಗೆಂದು ಸೋದರಿಕೆಯನ್ನು ಪೂರ್ತಿ ನಿರ್ದೋಷಿ ಎನ್ನಲಾಗದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ ಸುಮಾರು 27 ಮಂದಿ ರಕ್ತಸಂಬಂಧದಲ್ಲಿ ಮದುವೆಯಾದವರು. ದೇಶದ ಸರಾಸರಿ 11. ಅಕ್ಕನ ಮಗಳು, ಅತ್ತೆಯ ಮಗಳು, ಸೋದರಮಾವನ ಮಗಳು ನಮ್ಮಲ್ಲಿ ‘ವರಸೆಗೆ ಬರುವ’ ಹೆಣ್ಣುಗಳು. ಒಂದೇ ಬೆಡಗಿನವರು, ಅಂದರೆ ಒಂದೇ ಕುಲದವರು, ಮದುವೆಯಾಗಕೂಡದು ಎಂಬ ಕಟ್ಟುಪಾಡು ಹೀಗೆ ಸೋದರಿಕೆ ಮಾಡುವ ಸಮುದಾಯಗಳಲ್ಲೇ ಕಟ್ಟುನಿಟ್ಟಾಗಿದೆ. ಆದರೆ ಬೆಡಗು ಎಣಿಸುವುದು ತಂದೆಯ ಸಾಲನ್ನು ಮಾತ್ರ. ಜೀನುಗಳು ತಂದೆ, ತಾಯಿ ಎರಡೂ ಕಡೆಯಿಂದ ಸಮನಾಗಿ ಬರುತ್ತವೆ. ಹತ್ತಿಪ್ಪತ್ತು ತಲೆಮಾರಿನ ಹಿಂದೆ ಕವಲೊಡೆದ ಒಂದೇ ಬೆಡಗಿನ ಇಬ್ಬರಲ್ಲಿ ಅವರ ಸಮಾನ ಹಿರಿಯನ ಪಾಲು ಹೆಚ್ಚುಕಡಿಮೆ ಕರಗಿಹೋಗಿರುತ್ತದೆ. ಬೇರೆ ಬೆಡಗಿನ ಸೋದರಮಾವ ಮತ್ತು ಅಕ್ಕನ ಮಗಳು ಮಾತ್ರ ತಮ್ಮ ಜೀನುಗಳಲ್ಲಿ ಕಾಲುಭಾಗವನ್ನು ಹಂಚಿಕೊಂಡಿರುತ್ತಾರೆ, ಅತ್ತೆ–ಮಾವನ ಮಕ್ಕಳು ಎಂಟನೇ ಒಂದು ಭಾಗವನ್ನು. ಇದರ ಪರಿಣಾಮ ಲೆಕ್ಕದಲ್ಲಿ ಸ್ಪಷ್ಟ. ಸಮಾಜದಲ್ಲಿ ಒಂದು ಜೀನಿನ ಸಾವಿರ ಪ್ರತಿಗಳಲ್ಲಿ ಒಂದು ಕೆಟ್ಟದ್ದು ಎಂದಿಟ್ಟುಕೊಂಡರೆ, ಸಂಬಂಧವಿಲ್ಲದವರು ಮದುವೆಯಾದಾಗ ಹತ್ತು ಲಕ್ಷ ಮಕ್ಕಳಲ್ಲಿ ಒಂದಕ್ಕೆ ಆ ಅಪ್ರಬಲ ಕಾಯಿಲೆ ಬರುತ್ತದೆ; ಅತ್ತೆ–ಮಾವನ ಮಕ್ಕಳು ಮದುವೆಯಾದರೆ ಸುಮಾರು 63ಕ್ಕೆ, ಸೋದರಮಾವ–ಸೊಸೆ ಮದುವೆಯಾದರೆ ಸುಮಾರು 126ಕ್ಕೆ. ಕಾಯಿಲೆ ಅಪರೂಪವಾದಷ್ಟೂ ಸೋದರಿಕೆಯ ಗುಣಕ ದೊಡ್ಡದಾಗುತ್ತದೆ. ನೂರರಲ್ಲಿ ಒಂದು ಪ್ರತಿ ಕೆಟ್ಟದ್ದಿರುವ ಸಾಮಾನ್ಯ ಜೀನಿಗೆ ಅದೇ ಏರಿಕೆ ಏಳು ಮತ್ತು ಹದಿಮೂರು ಪಟ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಗುರವಾದದ್ದಲ್ಲ. ಸಾವಿರಾರು ವರ್ಷಗಳಿಂದ ಹೀಗೇ ಮದುವೆಯಾಗುತ್ತ ಬಂದಿದ್ದೇವೆ, ಕೆಟ್ಟ ಜೀನುಗಳಿದ್ದಿದ್ದರೆ ಇಷ್ಟರಲ್ಲಿ ಅಳಿದುಹೋಗಬೇಕಿತ್ತಲ್ಲ? ತಳಿವಿಜ್ಞಾನಿ ಎಲ್.ಡಿ. ಸಾಂಘ್ವಿ 1966ರಷ್ಟು ಹಿಂದೆಯೇ ಈ ಸಾಧ್ಯತೆಯನ್ನು ಮುಂದಿಟ್ಟರು. ತಮಿಳುನಾಡಿನಲ್ಲಿ ರಾವ್ ಮತ್ತು ಇನ್ಬರಾಜ್ 1970ರ ದಶಕದಲ್ಲಿ ಮಾಡಿದ ಅಧ್ಯಯನಗಳಲ್ಲೂ ಸೋದರಿಕೆಯ ದುಷ್ಪರಿಣಾಮ ಹೆಚ್ಚೇನೂ ಕಾಣಲಿಲ್ಲ. ಒಟ್ಟು ಮಕ್ಕಳನ್ನು ಎಣಿಸಿದರೆ ಪರಿಣಾಮ ಚಿಕ್ಕದೇ ಎಂಬುದನ್ನು ಒಪ್ಪಬೇಕು. ಯಾವುದೇ ದಂಪತಿಗೆ ಗಂಭೀರ ಹುಟ್ಟುದೋಷವಿರುವ ಮಗು ಹುಟ್ಟುವ ಸಂಭವ ನೂರಕ್ಕೆ ಎರಡು–ಮೂರು. ಅತ್ತೆ–ಮಾವನ ಮಕ್ಕಳು ಮದುವೆಯಾದರೆ ಅದಕ್ಕೆ ಇನ್ನೂ ಎರಡು–ಮೂರು ಸೇರುತ್ತದೆ. ನೂರರಲ್ಲಿ ತೊಂಬತ್ತೈದರ ಆಸುಪಾಸು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಕೆಟ್ಟ ಜೀನುಗಳು ಪೂರ್ತಿ ತೊಳೆದುಹೋಗಿವೆ ಎಂಬ ವಾದ ನಿಲ್ಲುವುದಿಲ್ಲ. ಹೊಸ ಬದಲಾವಣೆಗಳು ಪ್ರತಿ ತಲೆಮಾರಿನಲ್ಲೂ ಹುಟ್ಟುತ್ತಲೇ ಇರುತ್ತವೆ. ಜೊತೆಗೆ 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಗುಂಪುಗಳ ಡಿಎನ್‌ಎ ಹೋಲಿಸಿದ ಅಧ್ಯಯನವೊಂದು, ಅವುಗಳಲ್ಲಿ 81 ಗುಂಪುಗಳು ಅತಿ ಕಡಿಮೆ ಪೂರ್ವಜರಿಂದ ಬೆಳೆದು ಬಂದವು ಎಂದು ಕಂಡಿತು. ವಂಶದ ಕಾಯಿಲೆಗಳಿಗೆ ಹೆಸರಾದ ಫಿನ್ಲೆಂಡಿನವರು ಮತ್ತು ಅಷ್ಕೆನಾಜಿ ಯಹೂದಿಗಳಿಗಿಂತಲೂ ಬಿಗಿಯಾದ ಇಕ್ಕಟ್ಟಿನಿಂದ ಅವು ಹಾದುಬಂದಿವೆ. ಆ ಕೆಲವೇ ಹಿರಿಯರಲ್ಲಿ ಒಬ್ಬರು ಹೊತ್ತಿದ್ದ ಕೆಟ್ಟ ಜೀನು ಇಂದು ಲಕ್ಷಾಂತರ ಜನರ ಜಾತಿಯಲ್ಲಿ ಹರಡಿರಬಹುದು. ಆರ್ಯವೈಶ್ಯರಲ್ಲಿ ಅರಿವಳಿಕೆಯ ಒಂದು ಔಷಧಿಯನ್ನು ಕರಗಿಸುವ ಕಿಣ್ವದ ಕೊರತೆ ಇತರರಿಗಿಂತ ನೂರು ಪಟ್ಟು ಹೆಚ್ಚಿರುವುದು ಹೀಗೆ. ‘ನಮ್ಮದು ಸಂಬಂಧದ ಮದುವೆಯಲ್ಲ’ ಎನ್ನುವವರೂ ಜಾತಿಯೊಳಗೇ ಮದುವೆಯಾಗುವಾಗ ಎಂದೋ ಅಗಲಿದ ನೆಂಟರನ್ನೇ ತರುತ್ತಿರುತ್ತಾರೆ. ಸೋದರಿಕೆಯನ್ನು ಬೈಯುವುದರಿಂದಲೂ ಆರಾಧಿಸುವುದರಿಂದಲೂ ಒಂದು ಮಗುವಿನ ಕಾಯಿಲೆ ಏನೆಂದು ತಿಳಿಯುವುದಿಲ್ಲ.

ಎರಡನೆಯ ಆಕ್ಷೇಪ ವೈದ್ಯರ ಬಾಯಲ್ಲೂ ಕೇಳಬರುತ್ತದೆ: ವಂಶದ ಕಾಯಿಲೆಗೆ ಔಷಧಿಯೇ ಇಲ್ಲದಿರುವಾಗ ಹೆಸರು ಕಟ್ಟಿಕೊಂಡು ಏನು ಮಾಡುವುದು? ಈ ಮಾತಿಗೆ 1934ರಲ್ಲೇ ಉತ್ತರ ಶುರುವಾಯಿತು. ನಾರ್ವೆಯಲ್ಲಿ ಬುದ್ಧಿಮಾಂದ್ಯರಾದ ಇಬ್ಬರು ಮಕ್ಕಳ ತಾಯಿ, ಮಕ್ಕಳ ಮೈಯ ವಿಚಿತ್ರ ವಾಸನೆಗೆ ಕಾರಣ ತಿಳಿಯದೆ ಬಿಡೆನೆಂದು ವೈದ್ಯರಿಂದ ವೈದ್ಯರಿಗೆ ಅಲೆದಳು. ಆಸ್‌ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯ ಅವರ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಅದು ಹಸಿರಾಯಿತು. ಫಿನೈಲ್‌ಕೀಟೋನೂರಿಯಾ ಎಂಬ ಕಾಯಿಲೆ ಪತ್ತೆಯಾದದ್ದು ಹಾಗೆ. ಆಹಾರದ ಪ್ರೋಟೀನಿನಲ್ಲಿರುವ ಒಂದು ಅಮೈನೋ ಆಮ್ಲವನ್ನು ಕರಗಿಸಲಾಗದೆ ಅದು ಮಿದುಳನ್ನು ಕೆಡಿಸುತ್ತದೆ. ಅದನ್ನು ಕಡಿತಗೊಳಿಸಿದ ಊಟವನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ಶುರುಮಾಡಿದರೆ ಮಗು ಎಲ್ಲರಂತೆ ಬೆಳೆಯುತ್ತದೆ, ತಡವಾದರೆ ಹೋದ ಬುದ್ಧಿ ಮರಳದು. 1960ರ ದಶಕದ ಆರಂಭದಲ್ಲಿ ರಾಬರ್ಟ್ ಗಥ್ರಿ ಹಿಮ್ಮಡಿಗೆ ಚುಚ್ಚಿ ಸೋಸುಕಾಗದದ ಮೇಲೆ ತೆಗೆದ ರಕ್ತದ ಹನಿಯಿಂದಲೇ ಇದನ್ನು ಪತ್ತೆಹಚ್ಚುವ ದಾರಿ ತೋರಿಸಿದ. ಬೆಂಗಳೂರು ಈ ಕೆಲಸದಲ್ಲಿ ಹಿಂದೆ ಬಿದ್ದಿರಲಿಲ್ಲ. 1980ರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್, ವೈದ್ಯೆ ರಾಧಾ ರಮಾದೇವಿ ಮತ್ತು ಸಂಗಡಿಗರು ಸರ್ಕಾರಿ ಹೆರಿಗೆ ಆಸ್ಪತ್ರೆಗಳ ಶಿಶುಗಳ ರಕ್ತದ ಹನಿಗಳನ್ನು ಪರೀಕ್ಷಿಸತೊಡಗಿ, ಮುಂದಿನ ವರ್ಷಗಳಲ್ಲಿ ಲಕ್ಷದ ಆಸುಪಾಸು ಶಿಶುಗಳನ್ನು ನೋಡಿದರು. ದೇಶದಲ್ಲಿ ಇಂಥ ಕೆಲಸದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಅದೂ ಒಂದು. ಅಂದು ಗೊತ್ತಾದ ದಾರಿ ಇಂದಿಗೂ ಎಲ್ಲ ಹೆರಿಗೆ ಆಸ್ಪತ್ರೆಗಳನ್ನು ಮುಟ್ಟಿಲ್ಲ.

ಔಷಧಿಯಿರುವ ಕಾಯಿಲೆಗಳ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಬಯೊಟಿನಿಡೇಸ್ ಕಿಣ್ವದ ಕೊರತೆಗೆ ಬಯೊಟಿನ್ ಎಂಬ ಜೀವಸತ್ವದ ಮಾತ್ರೆ ಸಾಕು. ಹೋಮೊಸಿಸ್ಟಿನೂರಿಯಾ ಇರುವ ಹಲವು ಮಕ್ಕಳು ಬಿ6 ಜೀವಸತ್ವಕ್ಕೇ ಚೇತರಿಸಿಕೊಳ್ಳುತ್ತಾರೆ. ಶಾಲೆಗೆ ಹೋಗುವ ಮಗುವಿನ ಅಕ್ಷರ ಇದ್ದಕ್ಕಿದ್ದಂತೆ ಕೆಟ್ಟು, ಮಾತು ತೊದಲಿ, ಜೊಲ್ಲು ಸುರಿಯತೊಡಗಿದರೆ ಗಾಳಿ ಸೋಕಿತು ಎನ್ನುವ ಮುನ್ನ ವಿಲ್ಸನ್ ಕಾಯಿಲೆಯನ್ನು ನೆನೆಯಬೇಕು. ತಾಮ್ರ ಹೊರಹೋಗದೆ ಪಿತ್ತಜನಕಾಂಗ, ಮಿದುಳುಗಳಲ್ಲಿ ಶೇಖರವಾಗುವ ಈ ಅಪ್ರಬಲ ಕಾಯಿಲೆಗೆ ಪೆನಿಸಿಲಮಿನ್, ಸತುವಿನ ಔಷಧಿಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಮೂರು ದಶಕಗಳಲ್ಲಿ ಕಂಡ ಇಂಥ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿತು. ವಿಲ್ಸನ್ ಕಾಯಿಲೆಯ ಬಗ್ಗೆ ಜಗತ್ತಿನಲ್ಲೇ ದೊಡ್ಡ ವರದಿಗಳಲ್ಲಿ ಅದೊಂದು. ಇನ್ನು ವಂಶದ್ದಲ್ಲದೆಯೂ ವಂಶದ್ದರಂತೆ ಕಾಣುವ ಸ್ಥಿತಿಗಳಿವೆ. ತಾಯಿಗೇ ಬಿ12 ಜೀವಸತ್ವ ಸಾಲದಿದ್ದರೆ ಎದೆಹಾಲನ್ನೇ ನಂಬಿದ ಮಗು ಎಂಟು–ಹತ್ತು ತಿಂಗಳಿಗೆ ಮಂಕಾಗುತ್ತದೆ, ಕಲಿತ ನಗುವನ್ನೂ ಮರೆಯುತ್ತದೆ, ಕೈಕಾಲು ನಡುಗುತ್ತವೆ. ಆ ಜೀವಸತ್ವದ ಚುಚ್ಚುಮದ್ದಿಗೆ ಕೆಲವೇ ದಿನಗಳಲ್ಲಿ ಮುಖದಲ್ಲಿ ಕಳೆ ಮರಳುತ್ತದೆ. ಹೆರಿಗೆಯಲ್ಲಿ ಉಸಿರುಗಟ್ಟಿದ್ದು, ಎಳೆಗೂಸಿನ ಕಾಮಾಲೆಗೆ ಚಿಕಿತ್ಸೆ ತಡವಾದದ್ದು ಕೂಡ ಬೆಳವಣಿಗೆ ಕುಂಠಿತವಾಗಲು ಕಾರಣ. ಇವೆಲ್ಲವನ್ನೂ ‘ಸಂಬಂಧದ ಮದುವೆ’ ಎಂಬ ಒಂದೇ ಮೂಟೆಗೆ ಕಟ್ಟಿದರೆ ವಾಸಿಯಾಗುವ ಮಗುವೂ ವಾಸಿಯಾಗದ ಮಗುವಿನ ಜೊತೆ ಮೂಲೆ ಸೇರುತ್ತದೆ.

ತಡವಾಗುವುದಕ್ಕೆ ಮನೆಯ ಮಾತುಗಳೂ ತಮ್ಮ ಪಾಲು ಸೇರಿಸುತ್ತವೆ. ‘ಅವರಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು’, ‘ಗಂಡುಮಕ್ಕಳು ನಿಧಾನ’ ಎಂಬ ಸಮಾಧಾನ ನೂರರಲ್ಲಿ ಕೆಲವು ಮಕ್ಕಳಿಗೆ ನಿಜವಾಗಬಹುದು. ಆದರೆ ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ, ಒಂದೂವರೆ ವರ್ಷಕ್ಕೂ ಒಂದೇ ಒಂದು ಪದ ಹೊರಡದಿದ್ದರೆ ತಪಾಸಣೆ ಮಾಡಿಸಲೇಬೇಕು. ಅಪ್ರಬಲ ಜೀನಿನಿಂದ ಬರುವ ಹುಟ್ಟುಕಿವುಡು ಸೋದರಿಕೆಯ ಮನೆಗಳಲ್ಲಿ ಹೆಚ್ಚು. ಕನೆಕ್ಸಿನ್ 26 ಎಂಬ ಪ್ರೋಟೀನಿನ ಜೀನಿನಲ್ಲಾಗುವ ಬದಲಾವಣೆ ಅದರ ಪರಿಚಿತ ಕಾರಣಗಳಲ್ಲಿ ಒಂದು. ಇಂಥ ಮಗುವಿನ ಬುದ್ಧಿ, ನಡಿಗೆ ಎಲ್ಲ ಸರಿಯಾಗಿಯೇ ಇರುತ್ತವೆ. ಮಾತಿಲ್ಲ ಎಂಬ ಕಾರಣಕ್ಕೆ ದಡ್ಡನೆಂದು ತೀರ್ಮಾನವಾಗಿ ಐದು ವರ್ಷ ಕಳೆದರೆ, ಮಾತು ಕಲಿಯಲು ಮಿದುಳು ಹದವಾಗಿದ್ದ ಕಾಲ ಕಳೆದುಹೋಗುತ್ತದೆ. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಜಾಗಕ್ಕೆ ಮೊದಲ ವರ್ಷದಲ್ಲೇ ತಲುಪಿದ ಮಗು ಮತ್ತು ಶಾಲೆ ಸೇರುವ ಹೊತ್ತಿಗೆ ತಲುಪಿದ ಮಗು, ಎರಡಕ್ಕೂ ಇರುವುದು ಒಂದೇ ಜೀನು. ಬದುಕು ಒಂದೇ ಆಗುವುದಿಲ್ಲ.

ಗುಣವಾಗದ ಕಾಯಿಲೆಗಳೂ ಇವೆ, ಬೇಕಾದಷ್ಟಿವೆ. ಅಲ್ಲಿಯೂ ಹೆಸರು ತಿಳಿಯುವುದು ವ್ಯರ್ಥವಲ್ಲ, ಏಕೆಂದರೆ ಅದು ಮುಂದಿನ ತಲೆಮಾರಿನ ಮದುವೆಗಳಿಗೆ ದಾರಿ ತೋರಿಸುತ್ತದೆ. ಇಲ್ಲೇ ಮೂರನೆಯ ಆಕ್ಷೇಪವೂ ಎದುರಾಗುತ್ತದೆ: ಕಾಯಿಲೆ ವಂಶದ್ದು ಎಂದು ಕಾಗದದ ಮೇಲೆ ಬಂದರೆ ಮನೆಯ ಹೆಣ್ಣುಮಕ್ಕಳಿಗೆ ಗಂಡು ಸಿಗುವುದಿಲ್ಲ. ಈ ಭಯವನ್ನು ಲೆಕ್ಕಕ್ಕಿಟ್ಟು ನೋಡೋಣ. ಅಪ್ರಬಲ ಕಾಯಿಲೆಯ ಮಗುವಿಗೆ ಆರೋಗ್ಯವಂತ ಅಕ್ಕ ಇದ್ದಾಳೆ ಎಂದುಕೊಳ್ಳೋಣ. ಅವಳು ಕೆಟ್ಟ ಜೀನಿನ ವಾಹಕಿಯಾಗಿರುವ ಸಂಭವ ಮೂರರಲ್ಲಿ ಎರಡು. ಆ ಜೀನನ್ನು ಐವತ್ತರಲ್ಲಿ ಒಬ್ಬರು ಹೊತ್ತಿರುವ ಸಮಾಜದಲ್ಲಿ ಸಂಬಂಧವಿಲ್ಲದ ಗಂಡನ್ನು ಅವಳು ಮದುವೆಯಾದರೆ, ಅವಳ ಮಗುವಿಗೆ ಅದೇ ಕಾಯಿಲೆ ಬರುವ ಸಂಭವ ಮುನ್ನೂರರಲ್ಲಿ ಒಂದು. ‘ಕಾಯಿಲೆಯ ಮನೆಯ ಹೆಣ್ಣನ್ನು ಯಾರು ತರುತ್ತಾರೆ’ ಎಂದು ಸೋದರಮಾವನಿಗೇ ಕೊಟ್ಟು ಮುಗಿಸಿದರೆ? ಅವಳ ತಾಯಿ ಆ ಜೀನಿನ ವಾಹಕಿ ಎಂಬುದು ಖಚಿತವಾಗಿರುವುದರಿಂದ ತಾಯಿಯ ತಮ್ಮನೂ ಅದನ್ನು ಹೊತ್ತಿರುವ ಸಂಭವ ಎರಡರಲ್ಲಿ ಒಂದು. ಮಗುವಿಗೆ ಕಾಯಿಲೆ ಬರುವ ಸಂಭವ ಹನ್ನೆರಡರಲ್ಲಿ ಒಂದು. ಗುಟ್ಟು ಮುಚ್ಚಿಡುವ ಭಯವೇ ಅಪಾಯವನ್ನು ಇಪ್ಪತ್ತೈದು ಪಟ್ಟು ಹೆಚ್ಚಿಸುತ್ತದೆ. ಅವಳ ರಕ್ತವನ್ನೇ ಪರೀಕ್ಷಿಸಿ ವಾಹಕಿಯಲ್ಲವೆಂದು ತಿಳಿದರಂತೂ ಆ ಚಿಂತೆ ಹೆಚ್ಚುಕಡಿಮೆ ಮುಗಿಯಿತು. ಮಾಹಿತಿ ಮನೆಯ ಒಪ್ಪಿಗೆಯಿಲ್ಲದೆ ಹೊರಗೆ ಹೋಗದಂತೆ ಕಾಯುವುದು ಆಸ್ಪತ್ರೆಯ ಹೊಣೆ. ಆದರೆ ಅಜ್ಞಾನ ಹೆಣ್ಣುಮಕ್ಕಳನ್ನು ಕಾಯುತ್ತದೆ ಎಂಬ ನಂಬಿಕೆ ಲೆಕ್ಕದ ಮುಂದೆ ನಿಲ್ಲದು.

ಕೊನೆಯ ಆಕ್ಷೇಪ ಹಣದ್ದು. ಅಪೌಷ್ಟಿಕತೆಯೇ ನೀಗದ, ಶುದ್ಧ ನೀರೇ ಸಾಲದ ಜಿಲ್ಲೆಯಲ್ಲಿ ಬೆರಳೆಣಿಕೆಯ ಮಕ್ಕಳ ಕಾಯಿಲೆಗೆ ಖರ್ಚು ಮಾಡಬೇಕೇ? 2011ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ ಸುಮಾರು 16.6 ಲಕ್ಷ. ರಾಜ್ಯದ ಈಚಿನ ಜನನ ಪ್ರಮಾಣ ಸಾವಿರಕ್ಕೆ ಹದಿನಾರರ ಆಸುಪಾಸು. ಜಿಲ್ಲೆಯದನ್ನೂ ಹಾಗೇ ಹಿಡಿದರೆ ವರ್ಷಕ್ಕೆ ಇಪ್ಪತ್ತೈದು ಸಾವಿರದಷ್ಟು ಹೆರಿಗೆಗಳು. ಹುಟ್ಟುವಾಗಲೇ ಥೈರಾಯಿಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದ ಶಿಶುಗಳು ನಮ್ಮ ದೇಶದಲ್ಲಿ ಸಾವಿರಕ್ಕೆ ಒಂದರ ಆಸುಪಾಸು. ಅಂದರೆ ಈ ಒಂದೇ ಜಿಲ್ಲೆಯಲ್ಲಿ ವರ್ಷಕ್ಕೆ ಇಪ್ಪತ್ತು–ಇಪ್ಪತ್ತೈದು ಮಕ್ಕಳು. ಹುಟ್ಟಿದಾಗ ಇವರು ನೋಡಲು ಚೆನ್ನಾಗಿಯೇ ಇರುತ್ತಾರೆ; ಹೆಚ್ಚು ಅಳುವುದಿಲ್ಲ, ಸುಮ್ಮನೆ ಮಲಗಿರುತ್ತಾರೆ, ‘ಎಷ್ಟು ಜಾಣಮರಿ’ ಎನಿಸಿಕೊಳ್ಳುತ್ತಾರೆ. ಮೊದಲ ಎರಡು ವಾರಗಳಲ್ಲಿ ಥೈರಾಕ್ಸಿನ್ ಶುರುವಾದರೆ ಬುದ್ಧಿ ಪೂರ್ತಿ ಉಳಿಯುತ್ತದೆ, ತಿಂಗಳುಗಳು ಕಳೆದರೆ ಕುಂದಿದ ಬುದ್ಧಿ ಹಿಂದಿರುಗದು. ಮಾತ್ರೆ ಅಗ್ಗದ್ದು, ಪರೀಕ್ಷೆಗೆ ಬೇಕಿರುವುದು ಒಂದು ಹನಿ ರಕ್ತ. ಗೋವಾ ರಾಜ್ಯ 2008ರಲ್ಲೇ ಸರ್ಕಾರಿ ಆಸ್ಪತ್ರೆಗಳ ನವಜಾತ ಶಿಶುಗಳಿಗೆ ಇಂಥ ತಪಾಸಣೆ ಶುರುಮಾಡಿತ್ತು. ವಿರಳ ಕಾಯಿಲೆಯ ಒಂದು ಮಗುವಿಗೆ ಬೇಕಾದ ಹದಿನಾರು ಕೋಟಿಯ ಒಂದು ಚುಚ್ಚುಮದ್ದಿಗಾಗಿ ಊರೂರು ಚಂದಾ ಎತ್ತುವುದು ಪತ್ರಿಕೆಗಳ ಸುದ್ದಿಯಾಗುತ್ತದೆ. ದಿನಕ್ಕೆ ಕೆಲವೇ ರೂಪಾಯಿಯ ಮಾತ್ರೆ ಸಿಗದೆ ಬುದ್ಧಿ ಕುಂದಿದ ಮಗು ಸುದ್ದಿಯಾಗುವುದಿಲ್ಲ. ಖರ್ಚಿನ ಮಾತು ಬಂದಾಗ ಈ ಎರಡನೆಯ ಮಗುವಿನಿಂದ ಲೆಕ್ಕ ಶುರುವಾಗಬೇಕು.

ಬಾಗಿಲುಗಳು ಪೂರ್ತಿ ಮುಚ್ಚಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬಂದು ಹುಟ್ಟುದೋಷ, ಬೆಳವಣಿಗೆಯ ಕೊರತೆಗಳೂ ಸೇರಿದಂತೆ ಮೂವತ್ತರಷ್ಟು ಬಗೆಯ ತೊಂದರೆಗಳಿಗೆ ಮಕ್ಕಳನ್ನು ನೋಡಬೇಕು. ಅನುಮಾನ ಬಂದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿಂದ ಮುಂದಕ್ಕೆ, ಹೆದ್ದಾರಿಯಲ್ಲಿ ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗಳು ಕೂಡಿ ಕೇಂದ್ರ ಸರ್ಕಾರದ 2021ರ ವಿರಳ ಕಾಯಿಲೆಗಳ ನೀತಿಯಡಿ ಉತ್ಕೃಷ್ಟತಾ ಕೇಂದ್ರವಾಗಿವೆ. ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ವೈಕಲ್ಯಗಳಲ್ಲಿ ಕುಬ್ಜತೆ, ಸ್ನಾಯುಕ್ಷಯ, ಆಟಿಸಂಗಳೂ ಸೇರಿವೆ. ಆದರೆ ಈ ಎಲ್ಲ ಬಾಗಿಲುಗಳಿಗೂ ಬೀಗದ ಕೈ ಒಂದೇ, ಅದು ಕಾಯಿಲೆಯ ಸರಿಯಾದ ಹೆಸರು. ‘ಫ್ಲೋರೈಡ್ ಇರಬೇಕು’, ‘ಸೋದರಿಕೆ ಇರಬೇಕು’ ಎಂಬ ಊಹೆಗೆ ಯಾವ ನೀತಿಯೂ ನೆರವು ಕೊಡುವುದಿಲ್ಲ. ಜಿಲ್ಲೆಯಲ್ಲಿ ಹುಟ್ಟುವ ಪ್ರತಿ ಮಗುವಿಗೂ ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ ಹಿಮ್ಮಡಿಯ ರಕ್ತಪರೀಕ್ಷೆ ಮತ್ತು ಕಿವಿಯ ತಪಾಸಣೆ ಆಗಬೇಕು. ಇದನ್ನು ಸರ್ಕಾರ ಕಡ್ಡಾಯ ಮಾಡುವವರೆಗೆ ತಂದೆತಾಯಿ ಕೇಳಿ ಮಾಡಿಸಬೇಕು. ಈಗಾಗಲೇ ಬೆಳವಣಿಗೆಯಲ್ಲಿ ಹಿಂದುಳಿದ ಮಗು ಮನೆಯಲ್ಲಿದ್ದರೆ, ಯಾರ ತಪ್ಪು ಎಂದು ಕೇಳುವುದನ್ನು ಬಿಟ್ಟು, ಯಾವ ಕಾಯಿಲೆ ಎಂದು ವೈದ್ಯರನ್ನು ಕೇಳಿ. ಉತ್ತರ ಬರೆದು ಕೊಡುವವರೆಗೂ ಬಿಡಬೇಡಿ.